ಭಾವನ ಮೂಗು

ಸಿಗಾರಿನ ಸೊಂಟಕ್ಕೆ ಕಾಗದದ ಪಟ್ಟಿ ಸುತ್ತುವ ಕೆಲಸಕ್ಕೆ ಬುದ್ಧಿ ಬೇಕಾಗಿರಲಿಲ್ಲ. ಬೆರಳ ತುದಿಗೆ ಸಾಸಿವೆಯಷ್ಟು ಅಂಟು, ಒಂದು ಸುತ್ತು, ಹೆಬ್ಬೆರಳಿನಿಂದ ಒಂದು ಒತ್ತು, ಮುಗಿಯಿತು. ಪಟ್ಟಿಯ ನಡುವೆ ಭಾವನ ಮುಖ ಅಚ್ಚಾಗಿತ್ತು. ದಪ್ಪ ಮೀಸೆ, ಅರ್ಧ ಮುಚ್ಚಿದ ಕಣ್ಣು, ಯಾರಿಗೂ ಸಿಗದ ಪರಿಮಳವೊಂದು ತನಗೆ ಮಾತ್ರ ಸಿಕ್ಕಿದೆ ಎನ್ನುವಂತೆ ಮೇಲೆತ್ತಿದ ಮೂಗು. ಹನ್ನೆರಡು ವರ್ಷದಿಂದ ಅವಳು ಆ ಮುಖವನ್ನು ದಿನಕ್ಕೆ ನೂರಾರು ಸಲ ಒತ್ತುತ್ತಿದ್ದಳು. ಮೊದಮೊದಲು ಹೆಬ್ಬೆರಳು ನೇರ ಮೂಗಿನ ಮೇಲೆಯೇ ಬೀಳುವಂತೆ ಒತ್ತಿ ಸಮಾಧಾನ ಪಡುತ್ತಿದ್ದಳು. ಆಮೇಲೆ ಅದೂ ಚಪ್ಪೆಯಾಯಿತು. ಕೆಲಸ ಕೆಲಸವಾಯಿತು. ಇವತ್ತು ಬೆಳಿಗ್ಗೆ ಮಾತ್ರ ಬೆರಳು ತಾನಾಗಿಯೇ ಹಳೆಯ ಜಾಗ ಹುಡುಕಿಕೊಂಡು ಹೋಯಿತು. ಅವಳು ಅದನ್ನು ನೋಡಿದಳು, ತಡೆಯಲಿಲ್ಲ. ಸುತ್ತ ಉದ್ದ ಕೋಣೆಯಲ್ಲಿ ಎಲೆಯ ರಾಶಿಗಳು ಗೋಣಿ ಹೊದ್ದು ಬೆವರುತ್ತಿದ್ದವು. ಮೇಲಿನ ಅಂಗಡಿಯಲ್ಲಿ ಬಾಯಿ ತುಂಬ ಮಡೂರೊ ಎಂದು ಕರೆಯುವ ಕಪ್ಪು ಸಿಗಾರಿನ ಗುಟ್ಟೆಲ್ಲ ಇದ್ದದ್ದು ಈ ಬೆವರಿನಲ್ಲಿ. ಎಲೆಯನ್ನು ಒಟ್ಟಿ, ಒತ್ತಿ, ತನ್ನ ಕಾವಿನಲ್ಲಿ ತಾನೇ ಬೇಯುವಂತೆ ತಿಂಗಳುಗಟ್ಟಲೆ ಬಿಡಬೇಕು. ಕಂದಾಗಿ, ಕಪ್ಪಾಗಿ, ಎಣ್ಣೆ ಬಿಟ್ಟುಕೊಂಡು, ಕೊನೆಗೊಂದು ದಿನ ಸಿಹಿಯಾಗುತ್ತದೆ. ಬೇಯುವುದಕ್ಕೂ ಕೊಳೆಯುವುದಕ್ಕೂ ಎರಡು ದಿನದ ಅಂತರ. ಆ ಎರಡು ದಿನ ಯಾವಾಗ ಬಂತೆಂದು ಈ ಕಟ್ಟಡದಲ್ಲಿ ಹೇಳಬಲ್ಲವಳು ಅವಳೊಬ್ಬಳೇ.

ಭಾವ ಹತ್ತು ಗಂಟೆಗೆ ಇಳಿದು ಬಂದ. ಬಾಯಲ್ಲಿ ಅವಳು ಅವನಿಗೆ ಯಾವತ್ತೂ ನೀವು ಎಂದೇ ಅನ್ನುತ್ತಿದ್ದಳು. ಮನಸ್ಸಿನೊಳಗೆ ಅವನು ಅವನಾಗಿ ಬಹಳ ವರ್ಷವಾಗಿತ್ತು.

"ನಾಲ್ಕು ಗಂಟೆಗೆ ಸರಿಯಾಗಿ ಬಂದ್ಬಿಡಮ್ಮ. ನನ್ನ ಎಡಗಡೆ ಕೂತ್ಕೋ."

"ಯಾವತ್ತು ಬಲಗಡೆ ಕೂತಿದೀನಿ ಭಾವ?"

"ಅಲ್ಲ, ಇವತ್ತು ಸ್ವಲ್ಪ ಹುಷಾರು ಅಂತ. ಅದ್ಯಾರೋ ಬರ್ಬನ್ ವಿಸ್ಕಿ ಮಾಡೋನು ಬರ್ತಿದಾನೆ. ಒಂಬತ್ತು ವರ್ಷ ಪೀಪಾಯಲ್ಲಿಟ್ಟಿದ್ದಂತೆ. ನಮ್ಮ ಕಪ್ಪು ಸಿಗಾರಿಗೆ ಅದು ಜೋಡಿ ಆಗುತ್ತಾ ಅಂತ ನಾನು ಹೇಳ್ಬೇಕು. ನಾನು ಹೂಂ ಅಂದ್ರೆ ಯಜಮಾನರು ಎಲ್ಲಾ ಅಂಗಡೀಲೂ ಇಡ್ತಾರೆ." ಅವನು ಧ್ವನಿ ತಗ್ಗಿಸಿದ. "ಮೂರೇ ಮಾತು ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಮಿಕ್ಕಿದ್ದು! ಅವನು ಹೋದ ಮೇಲೆ ಅವಳು ಆ ಪದವನ್ನು ಬಾಯಲ್ಲಿ ಹೊರಳಿಸಿದಳು. ಹದಿನೆಂಟು ತಿಂಗಳ ಹಿಂದೆ ಒಂದು ಜ್ವರ ಬಂದು ಹೋಗಿತ್ತು ಅವನಿಗೆ. ಹೋಗುವಾಗ ಮೂಗನ್ನೂ ಕೊಂಡೊಯ್ದಿತ್ತು. ಮೊದಲ ದಿನ ಕೆಲಸಕ್ಕೆ ಬಂದವನು ಇದೇ ರಾಶಿಯ ಮುಂದೆ ಮಂಡಿಯೂರಿ, ಎರಡು ಕೈಯಲ್ಲೂ ಎಲೆ ಬಾಚಿ ಮುಖಕ್ಕೆ ಒತ್ತಿಕೊಂಡು, ಮತ್ತೆ ಬಾಚಿ ಮತ್ತೆ ಒತ್ತಿಕೊಂಡು, ಕೊನೆಗೆ ಅವಳ ಕಡೆ ತಿರುಗಿ "ಇದು ಹೇಗಿದೆ ಹೇಳು, ಏನಾದ್ರೂ ವಾಸನೆ ಇದೆಯಾ ಇದಕ್ಕೆ?" ಎಂದು ಕೇಳಿ ಅತ್ತಿದ್ದ. ಮೀಸೆಗೆ ಎಲೆಯ ಪುಡಿ ಅಂಟಿತ್ತು. ಅಕ್ಕನಿಗೆ ಹೇಳಬೇಡ ಎಂದ. ಹೇಳುವುದಿಲ್ಲ ಎಂದಳು. ಬಾಯಿ ಅಷ್ಟು ಹೇಳುತ್ತಿದ್ದಾಗ ಒಳಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಎಷ್ಟೆಂದರೆ ಆ ಸಂತೋಷಕ್ಕೆ ಹೆದರಿ ಅವಳು ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖ ಹಿಡಿದಿದ್ದಳು. ಒಬ್ಬ ಮನುಷ್ಯ ಅಳುತ್ತಿರುವಾಗ, ಅದೂ ಒಡಹುಟ್ಟಿದವಳ ಗಂಡ, ತನಗೆ ಹೀಗಾಗಬಹುದೇ? ಆಗಿತ್ತಲ್ಲ. ಅಂದಿನಿಂದ ಯಜಮಾನರ ರುಚಿ ನೋಡುವ ಕೂಟದಲ್ಲಿ ಸಿಗಾರಿನ ತುದಿ ಕತ್ತರಿಸಿ, ಹೊತ್ತಿಸಿ, ಮೊದಲ ಎರಡು ದಮ್ಮು ಎಳೆದು ಅವನ ಕೈಗೆ ಕೊಡುವುದು ಅವಳ ಕೆಲಸವಾಯಿತು. ಕೊಡುವಾಗ ಬಾಗಿ ಕಿವಿಯಲ್ಲಿ ಮೂರು ಮಾತು. ಅವನು ಕಣ್ಣು ಮುಚ್ಚಿ, ಆ ಮೂರನ್ನು ಮೂವತ್ತು ಮಾಡಿ ಬಡಿಸುತ್ತಿದ್ದ. ಜನ ತಲೆದೂಗುತ್ತಿದ್ದರು. ಮನೆಯಲ್ಲಿ ಅಕ್ಕ ಏನು ಮಾಡಿ ಹಾಕಿದರೂ ಚೆನ್ನಾಗಿದೆ ಎನ್ನತೊಡಗಿದ್ದನಂತೆ. "ನಿಮ್ಮ ಭಾವ ಬದಲಾಗಿದಾರೆ ಕಣೇ, ಒಂದು ಕೊಂಕು ಇಲ್ಲ ಈಗ," ಎಂದು ಅಕ್ಕ ಫೋನಿನಲ್ಲಿ ಮದುವಣಗಿತ್ತಿಯ ಹಾಗೆ ನಾಚಿಕೊಂಡು ಹೇಳಿದ್ದಳು. ಮೊನ್ನೆ ಸೀದುಹೋದದ್ದನ್ನೂ ಹೊಗಳಿದರು ಎಂದಿದ್ದಳು.

ಈ ಮೂಗನ್ನು ಅವಳಿಗೆ ಕಲಿಸಿದವನು ಅವನೇ ಎಂಬುದು ಗಂಟಲಲ್ಲಿ ಸಿಕ್ಕ ಮುಳ್ಳು. ನುಂಗಲೂ ಆಗದು, ಉಗುಳಲೂ ಆಗದು. ಅಕ್ಕನ ಮದುವೆಯಾದಾಗ ಅವಳಿಗೆ ಹನ್ನೊಂದು. ಅಕ್ಕನ ಹಿಂದೆಯೇ ಬಂದು ಆ ಮನೆ ಸೇರಿದವಳು. ಭಾವ ಕರವಸ್ತ್ರದಿಂದ ಅವಳ ಕಣ್ಣು ಕಟ್ಟಿ, ಮೂಗಿನ ಕೆಳಗೆ ಒಂದೊಂದೇ ಎಲೆ ಹಿಡಿಯುತ್ತಿದ್ದ. ಇದು ಗಿಡದ ಬುಡದ್ದೋ ನೆತ್ತಿಯದ್ದೋ? ಇದು ಹೋದ ವರ್ಷದ್ದೋ ಈ ವರ್ಷದ್ದೋ? ಸರಿ ಹೇಳಿದಾಗಲೆಲ್ಲ ಅವಳಿಗಿಂತ ಹೆಚ್ಚು ಅವನೇ ಕುಣಿಯುತ್ತಿದ್ದ. ಆಮೇಲೊಂದು ವರ್ಷ ಅವಳು ಸರಿ ಹೇಳಿದ್ದಕ್ಕೆ ಅವನು ಕುಣಿಯಲಿಲ್ಲ. ಅದರ ಮರುವರ್ಷ ಕೇಳುವುದನ್ನೇ ಬಿಟ್ಟ. ಯಾರೂ ಮುಟ್ಟದೆ ಬಿಟ್ಟಿದ್ದ ಒರಟು ಎಲೆಯನ್ನು ಅವಳು ಇನ್ನೊಂದು ಬೇಸಿಗೆ ಪೂರ್ತಿ ಒತ್ತಿಟ್ಟು, ಹೊರಳಿಸಿ, ಕಾದು, ಕಪ್ಪು ಸಿಗಾರು ಮಾಡಿ ಯಜಮಾನರ ಮುಂದೆ ಇಟ್ಟಾಗ ಇದೇ ಮೇಲಿನ ಕೋಣೆ, ಇದೇ ದುಂಡು ಮೇಜು. ಅವಳು ಎದ್ದು ನಿಂತು "ಇದರಲ್ಲಿ..." ಎಂದಿದ್ದಳು ಅಷ್ಟೇ. ಭಾವ ಕುರ್ಚಿಗೊರಗಿ, "ನಮ್ಮ ನಾದಿನಿ ಮೂಗು ಏನಿದ್ರೂ ನೆಗಡಿಗೆ ಸ್ವಾಮೀ. ರುಚಿ ನಾನು ಹೇಳ್ತೀನಿ," ಎಂದ. ಎಲ್ಲರೂ ನಕ್ಕರು. ನಗಲಿ. ಅವರಿಗೇನು ಗೊತ್ತು? ಆದರೆ ಅವಳೂ ನಕ್ಕಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಒಳ್ಳೆಯ ತಮಾಷೆ ಎನ್ನುವ ಹಾಗೆ, ಎಲ್ಲರಿಗಿಂತ ಒಂದು ಕ್ಷಣ ಹೆಚ್ಚು ಹೊತ್ತು. ಸಿಗಾರಿಗೆ ಅವನ ಮುಖ ಅಂಟಿದ ಈ ಹನ್ನೆರಡು ವರ್ಷದಲ್ಲಿ ಅವನ ಮಾತನ್ನು ಕ್ಷಮಿಸಬಹುದಾದ ಬೆಳಗುಗಳು ಬಂದು ಹೋಗಿದ್ದವು. ತನ್ನ ಆ ನಗುವನ್ನು ಕ್ಷಮಿಸಬಹುದಾದ ಬೆಳಗು ಒಂದೂ ಬಂದಿರಲಿಲ್ಲ.

ನಾಲ್ಕಕ್ಕೆ ಅವಳು ಮೆಟ್ಟಿಲು ಹತ್ತಿದಳು. ಕೋಣೆಯಲ್ಲಿ ಆಗಲೇ ಭಾವನಲ್ಲದೆ ನಾಲ್ವರು ಸೇರಿದ್ದರು. ಯಜಮಾನರು, ಅವರ ಹಳೆಯ ಗೆಳೆಯರಾದ ದಂತವೈದ್ಯರು, ವಕೀಲರು, ಮತ್ತೆ ಪತ್ರಿಕೆಗೆ ತಿಂಡಿ ತೀರ್ಥದ ಬಗ್ಗೆ ಬರೆಯುವ ಬೋಳುತಲೆಯ ಅಂಕಣಕಾರರು. ಈ ಅಂಕಣಕಾರರ ಮೂಗು ಹದ್ದಿನ ಕಣ್ಣಿನಂಥದು ಎಂದು ಹೆಸರು. ಅವರಿಗೆ ಅವಳು ಭಾವನ ಎದುರಿನ ಕುರ್ಚಿಯನ್ನೇ ಎಳೆದು ಕೊಟ್ಟಳು. ಏಕೆಂದು ಅವಳು ಆಗ ತನ್ನನ್ನೇ ಕೇಳಿಕೊಳ್ಳಲಿಲ್ಲ. ಬರ್ಬನ್ ಮಾಡುವವನು ಬಾಗಿಲ ಹತ್ತಿರವೇ ನಿಂತಿದ್ದ. ಐವತ್ತರ ಆಸುಪಾಸು. ಯಾರದೋ ಕೋಟು, ತೋಳು ಗಿಡ್ಡ. ಮಣಿಕಟ್ಟಿನ ಮೇಲೆ ಪೀಪಾಯಿಯ ಕಬ್ಬಿಣದ ಬಳೆ ತಾಗಿ ಆದ ಹಳೆಯ ಗಾಯದ ಗೆರೆಗಳು ಕಾಣುತ್ತಿದ್ದವು. ಕೈಚೀಲದಿಂದ ಬಾಟಲಿಯನ್ನು ಎರಡು ಕೈಯಲ್ಲಿ, ಎಳೆಗೂಸನ್ನು ಎತ್ತುವ ಹಾಗೆ ಎತ್ತಿ ಮೇಜಿನ ಮೇಲಿಟ್ಟ.

"ಮೆಕ್ಕೆಜೋಳದ್ದು ಸಾರ್. ಓಕ್ ಪೀಪಾಯಿ, ಒಳಗಡೆ ಸುಟ್ಟಿರೋದು. ಸುಡೋದೂ ನಾನೇ. ಬೇರೆಯವರ ಕೈಲಿ ಕೊಡಲ್ಲ."

"ಮಾತಾಡ್ಬೇಡಪ್ಪ, ಅದೇ ಮಾತಾಡ್ಲಿ," ಎಂದರು ವಕೀಲರು.

ಅವಳು ಸಿಗಾರಿನ ತುದಿ ಕತ್ತರಿಸಿದಳು. ಬೆಂಕಿಯನ್ನು ತಾಗಿಸದೆ, ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ಹೊತ್ತಿಸಿದಳು. ಮೊದಲ ದಮ್ಮು. ಬೂದಿಯ ಒಗರು, ಅದರ ಹಿಂದೆಯೇ ಹುರಿದ ಕಾಫಿ, ಸಿಹಿಯಿಲ್ಲದ ಚಾಕೊಲೇಟು, ಆಮೇಲೆ ತುಟಿಗೆ ಹೊದಿಕೆ ಎಲೆಯ ಎಣ್ಣೆಯ ಸಣ್ಣ ಸಿಹಿ. ತನ್ನದು. ತನ್ನ ಬೇಸಿಗೆ. ಎರಡನೆಯ ದಮ್ಮಿನ ಹೊಗೆ ಬಾಯಲ್ಲಿರುವಾಗಲೇ ಒಂದು ಗುಟುಕು ಬರ್ಬನ್ ಎಳೆದುಕೊಂಡಳು. ಮೊದಲು ಸುಟ್ಟಿತು. ಸುಟ್ಟ ಜಾಗದಲ್ಲಿ ಕರಗಿದ ಸಕ್ಕರೆ ಹರಿಯಿತು, ವೆನಿಲಾ ಬಂತು, ಈಗಷ್ಟೇ ಕತ್ತರಿಸಿದ ಸೇಬಿನಂಥದೇನೋ ಮಿಂಚಿ ಹೋಯಿತು. ಆಮೇಲೆ ಹೊಗೆಯೂ ಹೆಂಡವೂ ಒಂದನ್ನೊಂದು ಮುಟ್ಟಿದಾಗ ಎರಡರಲ್ಲೂ ಇಲ್ಲದ ಮೂರನೆಯದೊಂದು ಹುಟ್ಟಿತು. ಒಣದ್ರಾಕ್ಷಿಯ ಹಾಗೆ, ಆದರೆ ಒಣದ್ರಾಕ್ಷಿಯಲ್ಲ. ಬಹಳ ಹಿಂದೆ ಯಾರೋ ಪ್ರೀತಿಯಿಂದ ಕರೆದ ಹಾಗೆ. ಅವಳ ಕಣ್ಣಲ್ಲಿ ನೀರು ಬಂತು, ಹೊಗೆಗೆ ಎಂದುಕೊಂಡರು ಎಲ್ಲರೂ. ಇಷ್ಟು ವರ್ಷದಲ್ಲಿ ಇಂಥದು ಅವಳ ನಾಲಿಗೆಯ ಮೇಲೆ ಬಂದಿರಲಿಲ್ಲ. ಇದನ್ನೂ ಅವನ ಕಿವಿಗೆ ಸುರಿಯಬೇಕು. ಇದನ್ನೂ ಅವನು ಮೂವತ್ತು ಮಾತು ಮಾಡಿ ಬಡಿಸುತ್ತಾನೆ, ನಾಳೆ ಪತ್ರಿಕೆಯಲ್ಲಿ ಅವನ ಮೀಸೆ ಬರುತ್ತದೆ. ಅವನ ಕಿವಿ ಅವಳ ತುಟಿಯ ಹತ್ತಿರವೇ ಇತ್ತು, ಕೂದಲು ಬೆಳೆದ, ನಂಬಿ ಕಾಯುತ್ತಿರುವ ಕಿವಿ. ಎದುರಿಗೆ ಅಂಕಣಕಾರರು ಲೋಟ ಮೂಸುತ್ತಿದ್ದರು. ಈಗ ಸುಳ್ಳು ಹೇಳಿಕೊಟ್ಟರೆ ಇವರ ಮೂಗಿಗೆ ಸಿಕ್ಕಿಬೀಳುತ್ತದೆ. ಇವರು ನಗುತ್ತಾರೆ. ಅವನನ್ನು ನೋಡಿ, ಜೋರಾಗಿ.

"ಬೂಷ್ಟು," ಎಂದಳು ಅವಳು ಕಿವಿಯಲ್ಲಿ. "ಒದ್ದೆ ರಟ್ಟು. ಕೊಳೆತ ಪೀಪಾಯಿ."

ಅವನ ಹುಬ್ಬು ಒಂದು ಕೂದಲೆಳೆಯಷ್ಟು ಮೇಲೆ ಹೋಗಿ ಇಳಿಯಿತು. ಸಿಗಾರು ಎಳೆದ, ಗುಟುಕರಿಸಿದ, ಕಣ್ಣು ಮುಚ್ಚಿದ. "ಕ್ಷಮಿಸಿ," ಎಂದ ಬಹಳ ದುಃಖದಿಂದ. "ಸಿಗಾರು ದೊರೆ ಹಾಗೆ ಬರ್ತಿದೆ. ಆದ್ರೆ ಈ ಹೆಂಡ... ನೆಲಮಾಳಿಗೇಲಿ ಮಳೆನೀರು ನುಗ್ಗಿ ನೆನೆದ ರಟ್ಟಿನ ಪೆಟ್ಟಿಗೆ ತೆಗೆದ್ರೆ ಬರುತ್ತಲ್ಲ, ಅದು. ಪೀಪಾಯಿ ಒಳಗೆ ಬೂಷ್ಟು ಹಿಡಿದಿದೆ. ದೊರೇನ ಕರ್ಕೊಂಡು ಹೋಗಿ ಹಂದಿಗೂಡಲ್ಲಿ ಕೂರಿಸಿದ ಹಾಗಾಯ್ತು."

ಅವಳು ಕಾದಳು. ದಂತವೈದ್ಯರು ಮತ್ತೊಮ್ಮೆ ಮೂಸಿದರು. ಹುಬ್ಬು ಗಂಟಿಕ್ಕಿದರು. "ಹೌದಲ್ರೀ! ನಾನೂ ಅಂದ್ಕೊಂಡೆ, ಏನೋ ಒಂಥರಾ ಇದೆಯಲ್ಲ ಅಂತ." ವಕೀಲರು ನಾಲಿಗೆ ಚಪ್ಪರಿಸಿ, "ಕೊನೇಲಿ ಬರುತ್ತೆ ನೋಡಿ, ಕೊನೇಲಿ," ಎಂದರು. ಅವಳು ಅಂಕಣಕಾರರ ಮುಖವನ್ನೇ ನೋಡುತ್ತಿದ್ದಳು. ಅವರು ಲೋಟವನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಗನ್ನು ಪೂರ್ತಿ ಒಳಗೆ ತೂರಿಸಿ, ಬಹಳ ಹೊತ್ತು ಸುಮ್ಮನಿದ್ದು, "ಶುದ್ಧ ಬೂಷ್ಟು," ಎಂದು ಬರೆದುಕೊಂಡರು.

ಅಂದರೆ ಇಲ್ಲಿ ಯಾರಿಗೂ ಮೂಗಿರಲಿಲ್ಲ. ಹದಿನೆಂಟು ತಿಂಗಳಿಂದ ಭಾವನೊಬ್ಬನಿಗೆ ಮೂಗಿಲ್ಲ ಎಂದುಕೊಂಡಿದ್ದಳು. ಈ ಮೇಜಿನ ಸುತ್ತ ಯಾವತ್ತೂ ಒಂದೇ ಒಂದು ಮೂಗು ಇದ್ದದ್ದು, ಅದಕ್ಕೆ ನೆಗಡಿ ಎಂದು ಹೆಸರಿಟ್ಟು ಕೆಳಗೆ ಕಳಿಸಿದ್ದರು.

ಬಾಗಿಲ ಬಳಿ ನಿಂತವನು ಒಂದು ಹೆಜ್ಜೆ ಮುಂದೆ ಬಂದ. "ಇಲ್ಲ ಸಾರ್. ಬೂಷ್ಟು ಇಲ್ಲ ಸಾರ್ ಅದ್ರಲ್ಲಿ. ಇನ್ನೊಂದ್ಸಲ ನೋಡಿ ಸಾರ್. ನಾನು ದಿನಾ ಮೂಸಿದೀನಿ, ಒಂಬತ್ತು ವರ್ಷ..."

ಭಾವ ಕಣ್ಣು ತೆರೆಯದೆ ನಕ್ಕ. "ಹೆತ್ತವರಿಗೆ ಹೆಗ್ಗಣ ಮುದ್ದು ಕಣಪ್ಪ."

ಎಲ್ಲರೂ ನಕ್ಕರು. ಯಜಮಾನರಿಗೆ ಕೆಮ್ಮು ಬರುವಷ್ಟು ನಗು. ಅವಳು ಬೇಡವೆಂದರೂ ಆ ಗಿಡ್ಡ ತೋಳಿನ ಕೋಟಿನ ಕಡೆ ನೋಡಿದಳು. ಅವನೂ ನಗುತ್ತಿದ್ದ. ಹಲ್ಲು ಬಿಟ್ಟು, ತಲೆಯಾಡಿಸುತ್ತ, ಒಳ್ಳೆಯ ತಮಾಷೆ ಎನ್ನುವ ಹಾಗೆ, ಎಲ್ಲರದೂ ನಿಂತ ಮೇಲೂ ಒಂದು ಕ್ಷಣ.

ಆಮೇಲೆ ತಾನು ಮಾಡಿದ್ದನ್ನು ಅವಳು ಎಷ್ಟೋ ಸಲ ಹಿಂದೆ ಮುಂದೆ ಮಾಡಿ ನೋಡಿಕೊಂಡಿದ್ದುಂಟು. ಆ ಮನುಷ್ಯನ ಮೇಲಿನ ಕನಿಕರಕ್ಕೆ ಮಾಡಿದೆ ಎಂದು ಹೇಳಿಕೊಳ್ಳಲು ಬಹಳ ಆಸೆ. ಆದರೆ ನೀರಿನ ಹೂಜಿಗೆ ಕೈ ಹಾಕಿದಾಗ ಬೆರಳು ಒಂದಿಷ್ಟೂ ನಡುಗಲಿಲ್ಲ. ಕನಿಕರ ಹಾಗಿರುವುದಿಲ್ಲ. ಒಂದು ಖಾಲಿ ಲೋಟಕ್ಕೆ ಎರಡು ಬೆರಳಿನಷ್ಟು ನೀರು ಸುರಿದಳು. ಎಲ್ಲರೂ ನೋಡುತ್ತಿದ್ದರು.

"ಭಾವ, ಅವರು ಅಷ್ಟು ಕೇಳ್ತಿದಾರೆ. ಇನ್ನೊಂದ್ಸಲ ನೋಡ್ಬಿಡಿ. ಕಣ್ಣು ತೆಗೀಬೇಡಿ. ಬರೀ ಮೂಸಿ, ಸಾಕು."

ಅವಳು ತನ್ನ ಕಡೆಯವಳು ಎಂಬ ಧೈರ್ಯ ಅವನಿಗೆ. ಕಣ್ಣು ಮುಚ್ಚಿಕೊಂಡೇ, ಸಿಗಾರಿನ ಪಟ್ಟಿಯ ಮೇಲಿದ್ದ ಹಾಗೆಯೇ ಮೂಗೆತ್ತಿ ಕೂತ. ಅವಳು ಅದರ ಕೆಳಗೆ ನೀರಿನ ಲೋಟ ಹಿಡಿದಳು. ಅವನು ದೀರ್ಘವಾಗಿ ಎಳೆದುಕೊಂಡ.

"ಅದೇ," ಎಂದ. "ಗಾಳಿ ತಾಗಿದ ಮೇಲೆ ಇನ್ನೂ ಜಾಸ್ತಿ ಆಗಿದೆ. ಪಾಪ. ಬೂಷ್ಟೇ."

ಸುತ್ತಲಿನ ಮೌನ ತನ್ನ ಮೆಚ್ಚುಗೆಗೆ ಎಂದುಕೊಂಡನೋ ಏನೋ, ಅವನ ಮೀಸೆಯ ತುದಿಯಲ್ಲಿ ಕಿರುನಗು ಬಂತು. ಆಮೇಲೆ ಕಣ್ಣು ತೆರೆದ. ಲೋಟದಾಚೆಗೆ ಅವಳ ಬೆರಳುಗಳು ತಿಳಿಯಾಗಿ, ದಪ್ಪವಾಗಿ ಕಾಣುತ್ತಿದ್ದವು. ಅವನು ಲೋಟ ನೋಡಿದ, ಅವಳನ್ನು ನೋಡಿದ. ಕಿರುನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮುಖದ ಮೇಲೆಯೇ ಉಳಿದುಕೊಂಡಿತ್ತು.

"ಒಂದೂವರೆ ವರ್ಷದಿಂದ ಇವರಿಗೆ ವಾಸನೆ ಅನ್ನೋದೇ ಇಲ್ಲ," ಎಂದಳು ಅವಳು. ತನ್ನ ಧ್ವನಿ ಆ ಕೋಣೆಯಲ್ಲಿ ಇಷ್ಟು ದೊಡ್ಡದಾಗಿ ಕೇಳಿದ್ದು ಅದೇ ಮೊದಲು. "ಇಲ್ಲಿ ಕೇಳಿದ ಮಾತೆಲ್ಲ ನನ್ನದು. ಕಪ್ಪು ಸಿಗಾರೂ ನನ್ನದೇ. ಇವತ್ತು ಬೂಷ್ಟು ಅಂತ ಬೇಕಂತಲೇ ಸುಳ್ಳು ಹೇಳಿಕೊಟ್ಟೆ. ಈ ಬರ್ಬನ್‌ನಂಥದ್ದು ನಾನು ಇದುವರೆಗೂ ಕುಡಿದಿಲ್ಲ."

ಹನ್ನೆರಡು ವರ್ಷ ಅವಳು ಈ ಗಳಿಗೆಯನ್ನು ನೂರು ಬಗೆಯಲ್ಲಿ ಕಲ್ಪಿಸಿಕೊಂಡಿದ್ದಳು. ಎಲ್ಲದರಲ್ಲೂ ಆಮೇಲೆ ಜನ ಅವಳ ಕಡೆ ತಿರುಗುತ್ತಿದ್ದರು. ತಿರುಗಿದರು ನಿಜ. ಅಂಕಣಕಾರರ ಬೋಳುತಲೆ ಕೆಂಪಾಗಿತ್ತು. ಬರೆದುಕೊಂಡ ಹಾಳೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಸಿಟ್ಟಿನಿಂದ ಅವಳನ್ನೇ ನೋಡುತ್ತಿದ್ದರು. ದಂತವೈದ್ಯರು ಕೋಟು ಹುಡುಕುತ್ತಿದ್ದರು. "ಮನೆ ಜಗಳ ಮನೇಲಿಟ್ಕೋಬೇಕಮ್ಮ," ಎಂದರು ವಕೀಲರು. ಯಜಮಾನರು ಮಾತ್ರ ನಿಧಾನವಾಗಿ, ಸಿಟ್ಟಿಲ್ಲದೆ ಕೇಳಿದರು.

"ನಿನ್ನ ಮೂಗು ನಂಬಬಹುದೇನೋ ತಾಯಿ. ನಿನ್ನ ನಾಲಿಗೆ ಹೇಗೆ ನಂಬ್ಲಿ?"

ಭಾವನೊಬ್ಬನನ್ನು ಬಿಟ್ಟು ಕೋಣೆ ಖಾಲಿಯಾಯಿತು. ಬರ್ಬನ್ ಬೇಡ, ಕೂಟವೂ ಬೇಡ ಎಂದು ಯಜಮಾನರು ಹೋಗುವಾಗ ಹೇಳಿ ಹೋದರು.

ಗಿಡ್ಡ ತೋಳಿನವನು ಖಾಲಿ ಕೈಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ಅವಳು ಇಳಿದು ಬಂದಾಗ ದಾರಿ ಬಿಡಲಿಲ್ಲ.

"ನಿಮ್ಮಿಬ್ಬರ ನಡುವೆ ಏನಿತ್ತೋ ನನಗೆ ಬೇಡ. ನಿಜ ಹೇಳಿ, ನನ್ನದು ಹೇಗಿತ್ತು?"

ಅವಳು ಹೇಳಿದಳು. ಸಕ್ಕರೆ ಎಲ್ಲಿ ಬಂತು, ವೆನಿಲಾ ಎಲ್ಲಿ, ಸೇಬು ಹೇಗೆ ಮಿಂಚಿ ಹೋಯಿತು, ಹೊಗೆ ತಾಗಿದಾಗ ಹುಟ್ಟಿದ ಮೂರನೆಯದಕ್ಕೆ ತನ್ನ ಬಳಿ ಹೆಸರಿಲ್ಲ ಎಂಬುದು, ಪೀಪಾಯಿಯನ್ನು ಬಹುಶಃ ಎರಡು ಸಲ ಸುಟ್ಟಿರಬೇಕು ಎಂಬುದು. ಎರಡು ಸಲ ಎಂದಾಗ ಅವನು ತಟ್ಟನೆ ತಲೆಯೆತ್ತಿದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲವಂತೆ.

"ಗೊತ್ತಿದ್ದೂ ಬೂಷ್ಟು ಅಂದ್ರಲ್ಲ," ಎಂದ. "ಗೊತ್ತಿಲ್ಲದೋರು ಹೇಳಿದ್ರೆ ಬೇರೆ ಮಾತು." ಚೀಲವನ್ನು ಎದೆಗೊತ್ತಿಕೊಂಡು ಇಳಿದು ಹೋದ. ಬೀದಿಯ ಬಾಗಿಲು ಬಡಿದುಕೊಂಡಿತು.

ಅವಳು ಮತ್ತೆ ಮೇಲೆ ಹತ್ತಿದಳು. ಲೋಟಗಳನ್ನು ಎತ್ತಿಡಬೇಕಿತ್ತು, ಅದು ಅವಳ ಕೆಲಸವೇ. ಭಾವ ಅದೇ ಕುರ್ಚಿಯಲ್ಲಿ ಕೂತಿದ್ದ. ಇಳಿಬಿಸಿಲು ಮೇಜಿನ ಮೇಲೆ ಬಿದ್ದು, ಆ ಮನುಷ್ಯ ಬಿಟ್ಟುಹೋದ ಬಾಟಲಿಯಲ್ಲಿ ಉಳಿದದ್ದು ಜೇನುಬಣ್ಣಕ್ಕೆ ತಿರುಗಿತ್ತು. ಬೈಯುತ್ತಾನೆ ಎಂದುಕೊಂಡು ಅವಳು ಬೆನ್ನು ಬಿಗಿ ಮಾಡಿದಳು. ಬೈದರೆ ಹೇಳಲು ಹನ್ನೆರಡು ವರ್ಷದ ಮಾತು ಇತ್ತು. ಅವನು ಬೈಯಲಿಲ್ಲ. ಮೇಜಿನ ಮೇಲಿದ್ದ ಅವನ ಫೋನು ಗುಂಯ್‌ಗುಟ್ಟಿತು, ತೆರೆಯ ಮೇಲೆ ಅಕ್ಕನ ಹೆಸರು, ಇಬ್ಬರಿಗೂ ಕಂಡಿತು. ಯಾರೋ ಆಗಲೇ ಹೇಳಿದ್ದಾರೆ. ಅಕ್ಕ ಈಗ ಒಲೆಯ ಮುಂದೆ ನಿಂತು ಒಂದೂವರೆ ವರ್ಷದ ಊಟಗಳನ್ನು ಒಂದೊಂದಾಗಿ ಲೆಕ್ಕ ಹಾಕುತ್ತಿರಬಹುದು. ಫೋನು ಗುಂಯ್‌ಗುಟ್ಟಿ ನಿಂತಿತು.

"ಬೂಷ್ಟಲ್ಲ ಅಂದ್ರೆ," ಎಂದ ಅವನು ಕೊನೆಗೆ, "ಮತ್ತೆ ಹೇಗಿತ್ತು?"

ಅವಳು ತಿರುಗಿ ನೋಡಿದಳು. ಕೆಣಕುತ್ತಿದ್ದಾನೆಯೇ ಎಂದು ಹುಡುಕಿದಳು. ಕೆಣಕು ಇರಲಿಲ್ಲ. ಅವನ ಮುಖದಲ್ಲಿ ಇದ್ದದ್ದು ಬರಿಯ ದಾಹ.

"ಬಾಯಲ್ಲಿ ಇಟ್ಕೊಂಡೆ ಅಷ್ಟೊತ್ತು. ಸುಡೋದು ಬಿಟ್ಟು ಏನೂ ಗೊತ್ತಾಗ್ಲಿಲ್ಲ. ಅಂಥದ್ದು ಕುಡಿದೇ ಇಲ್ಲ ಅಂದ್ಯಲ್ಲ. ಇನ್ಯಾರನ್ನ ಕೇಳ್ಲಿ ನಾನು? ಹೇಳಮ್ಮ."

ಬೂದಿಬಟ್ಟಲಿನಲ್ಲಿ ಸಿಗಾರು ಆರಿತ್ತು. ಅವಳು ಅವನೆದುರಿನ ಕುರ್ಚಿಯನ್ನು, ಅಂಕಣಕಾರರು ಕೂತಿದ್ದ ಕುರ್ಚಿಯನ್ನು ಎಳೆದು ಕೂತಳು. ಬೂದಿ ಕೊಡವಿ, ಮತ್ತೆ ಹೊತ್ತಿಸಿದಳು. ಲೋಟಕ್ಕೆ ತನಗಾಗಿ ಸುರಿದುಕೊಂಡಳು. ಹೊಗೆ ಬಾಯಲ್ಲಿ ತುಂಬಿರುವಾಗಲೇ ಒಂದು ಗುಟುಕು. ಸುಟ್ಟಿತು, ಸಕ್ಕರೆ ಹರಿಯಿತು, ಸೇಬು ಮಿಂಚಿತು. ಮೂರನೆಯದು ಬಂತು, ಮೊದಲಿಗಿಂತ ಹತ್ತಿರ, ಮೊದಲಿಗಿಂತ ನಿಧಾನ. ಈಗ ಅದಕ್ಕೆ ಹೆಸರೂ ಸಿಕ್ಕಿತು ಅವಳಿಗೆ, ತುಟಿಯ ತನಕ ಬಂತು. ಅವನು ಮೇಜಿನ ಮೇಲೆ ಬಾಗಿ ಅವಳ ಬಾಯನ್ನೇ ನೋಡುತ್ತಿದ್ದ.

ಅವಳು ಗುಟುಕನ್ನೂ ಆ ಹೆಸರನ್ನೂ ಒಟ್ಟಿಗೇ ನುಂಗಿದಳು. ಲೋಟ ತೊಳೆದಿಟ್ಟು ಕೆಳಗಿಳಿದಳು.